ಸವೆದದ್ದು ಬಲಗಡೆ ಮಾತ್ರ

ದುಡ್ಡು ಕೊಟ್ಟು ನಮ್ಮ ಬೈಕನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನವೇ ಟ್ರ್ಯಾಕ್ ಡೇ. ಅದಕ್ಕೆ ಬೆಂಗಳೂರಿಂದ ಚೆನ್ನೈವರೆಗೆ ಬೈಕ್ ಓಡಿಸಿಕೊಂಡೇ ಹೋಗುವವರಿದ್ದಾರೆ. ನಾನು ಮತ್ತು ನನ್ನ ಗೆಳೆಯ ಇಬ್ಬರ ಬೈಕನ್ನೂ ಟಾಟಾ ಏಸ್‌ಗೆ ಹತ್ತಿಸಿದೆವು. ಶೋಕಿಗಲ್ಲ. ಹೈವೇಯಲ್ಲಿ ನೆಟ್ಟಗೆ ಓಡಿ ಓಡಿ ಹಿಂದಿನ ಟೈರಿನ ನಡುಭಾಗ ಚಪ್ಪಟೆಯಾದರೆ, ಬೈಕ್ ವಾಲಿಸುವಾಗ ಆ ಅಂಚು ದಾಟುವುದು ಕೈಗೆ ಗೊತ್ತಾಗುತ್ತದೆ. ದುಡ್ಡು ಕೊಟ್ಟು ಟ್ರ್ಯಾಕಿಗೆ ಹೋಗುವವನಿಗೆ ಅದು ಬೇಡ.

ಶ್ರೀಪೆರಂಬದೂರು ದಾಟಿದರೆ ಇರುಂಗಾಟ್ಟುಕೋಟ್ಟೈ. ಅಲ್ಲಿನ ಟ್ರ್ಯಾಕ್ 1990ರಿಂದ ಇದೆ. ಈಗ ಅದರ ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಆದರೂ ಹುಡುಗರ ಬಾಯಲ್ಲಿ ಹಳೆಯ ಹೆಸರು ಎಂಎಂಆರ್‌ಟಿಯೇ (ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್). ಸುತ್ತಿಗೆ 3.7 ಕಿಲೋಮೀಟರ್, 12 ತಿರುವು. ಗಡಿಯಾರದ ದಿಕ್ಕಿನಲ್ಲಿ ಸುತ್ತುವುದರಿಂದ ಬಲಕ್ಕೆ ವಾಲುವುದೇ ಜಾಸ್ತಿ.

ಬೆಳಗಿನ ಮೊದಲ ಸೆಷನ್‌ನಲ್ಲಿ ಯಾರೂ ಅವಸರ ಮಾಡಲಿಲ್ಲ. ರಬ್ಬರ್ ತಣ್ಣಗಿದ್ದರೆ ಗಟ್ಟಿಯಾಗಿರುತ್ತದೆ. ಡಾಂಬರಿನ ಸಣ್ಣ ಸಣ್ಣ ಉಬ್ಬುತಗ್ಗುಗಳಿಗೆ ಅದು ಒತ್ತಿಕೊಂಡು ಕೂತರೆ ತಾನೇ ಹಿಡಿತ? ರೇಸಿನವರು ಗೀರುಗಳೇ ಇಲ್ಲದ ಸ್ಲಿಕ್ ಟೈರುಗಳಿಗೆ ವಾರ್ಮರ್ ಎಂಬ ಬಿಸಿ ಹೊದಿಕೆ ಸುತ್ತಿ 80 ಡಿಗ್ರಿ ಆಸುಪಾಸಿಗೆ ಬಿಸಿ ಮಾಡಿಕೊಂಡು ಇಳಿಯುತ್ತಾರೆ. ನಮ್ಮದು ರಸ್ತೆಗೂ ಆಗುವ ಟೈರು. ಒಂದೆರಡು ಸುತ್ತು ಮೆಲ್ಲಗೆ ಹೋಗಿ ನಾವೇ ಬಿಸಿ ಮಾಡಿಕೊಳ್ಳಬೇಕು. ಮೂರನೇ ಸುತ್ತಿಗೆ ಸಿ1 ಎಂಬ ಆ ಉದ್ದದ ಬಲ ತಿರುವಿನಲ್ಲಿ ಬೈಕ್ ಹಳಿ ಮೇಲೆ ಹೋದ ಹಾಗೆ ಹೋಯಿತು. ಇಡೀ ದಿನದ ಅತ್ಯುತ್ತಮ ಹಿಡಿತ ಸಿಕ್ಕಿದ್ದು ಆಗಲೇ.

ಮಧ್ಯಾಹ್ನದ ಹೊತ್ತಿಗೆ ಕತೆ ಬೇರೆಯಾಯಿತು. ಚೆನ್ನೈ ಬಿಸಿಲಿಗೆ ಡಾಂಬರು ಬರಿಗೈ ಇಡಲಾಗದಷ್ಟು ಕಾದಿತ್ತು. ಅದೇ ತಿರುವು, ಅದೇ ವೇಗ, ಆದರೆ ಥ್ರಾಟಲ್ ಕೊಟ್ಟ ಕೂಡಲೇ ಹಿಂದಿನ ಚಕ್ರ ಸ್ವಲ್ಪ ಸ್ವಲ್ಪವೇ ಹೊರಗೆ ಜಾರತೊಡಗಿತು. ಹಿಡಿತ ಒಮ್ಮೆಲೇ ಕೈಕೊಡಲಿಲ್ಲ, ಅದೇ ಪುಣ್ಯ. ಬೈಕನ್ನು ಬೇಗ ನೆಟ್ಟಗೆ ಮಾಡಿ, ಆಮೇಲೆ ಥ್ರಾಟಲ್ ತಿರುವುತ್ತಾ ಸೆಷನ್ ಮುಗಿಸಿದೆ.

ಬೈಕ್ ನಿಲ್ಲಿಸಿ ರಿಪೇರಿ ಮಾಡುವ ಜಾಗವಾದ ಪ್ಯಾಡಕ್‌ನಲ್ಲಿ ಟೈರಿನ ಕೆಲಸ ಮಾಡುವ ಒಬ್ಬ ಅಣ್ಣ ಇದ್ದರು. ಹೊಸೂರು ಕಡೆಯವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಬೈಕ್ ನಿಲ್ಲಿಸಿದ್ದೇ ತಡ, ಗಾಳಿಯ ಒತ್ತಡ ಅಳೆಯುವ ಗೇಜ್ ಹಿಡಿದು ಬಂದರು. "ತಣ್ಣಗಾದ್ಮೇಲೆ ನೋಡಿ ಏನು ಪ್ರಯೋಜನ ತಮ್ಮಾ? ಬಿಸಿ ಇದ್ದಾಗಲೇ ನೋಡ್ಬೇಕು" ಅಂದರು. ಬೆಳಿಗ್ಗೆ ರಸ್ತೆಯ ಲೆಕ್ಕಕ್ಕಿಂತ ಕಡಿಮೆಯೇ ಗಾಳಿ ಇಟ್ಟಿದ್ದೆವು. ಬಿಸಿಗೆ ಅದು ಅಂದುಕೊಂಡದ್ದಕ್ಕಿಂತ ಜಾಸ್ತಿ ಏರಿತ್ತು. ಒತ್ತಡ ಏರಿದರೆ ಟೈರು ನೆಲಕ್ಕೆ ತಾಗುವ ಜಾಗ ಕಡಿಮೆಯಾಗುತ್ತದೆ. ಜಾರುತ್ತದೆ, ಜಾರಿದಷ್ಟೂ ಇನ್ನೂ ಕಾಯುತ್ತದೆ. ಸ್ವಲ್ಪ ಗಾಳಿ ಬಿಟ್ಟರು.

ಆಮೇಲೆ ಟೈರಿನ ಬಲಗಡೆಯ ಅಂಚಿನ ಮೇಲೆ ಬೆರಳಾಡಿಸಿ ತೋರಿಸಿದರು. ಮೇಲ್ಮೈಯಲ್ಲಿ ಸಣ್ಣ ಅಲೆಗಳು, ಅಲ್ಲಲ್ಲಿ ನೀಲಿ ಛಾಯೆ. ಎಡಗಡೆ ಮಾತ್ರ ಹೆಚ್ಚುಕಡಿಮೆ ಹೊಸತರ ಹಾಗೆಯೇ ಇತ್ತು! ಗಾಡಿಗಳು ಹೋಗುವ ಸಾಲು ಬಿಟ್ಟು ಪಕ್ಕದಲ್ಲಿ ರಬ್ಬರ್ ಚೂರುಗಳು ಬಿದ್ದಿದ್ದವು, ಶಾಲೆಯಲ್ಲಿ ತಪ್ಪು ಅಳಿಸಿದಾಗ ಉದುರುವ ಪುಡಿಯ ಹಾಗೆ. ಮಾರ್ಬಲ್ಸ್ ಅನ್ನುತ್ತಾರೆ. ಸಾಲಿನ ಮೇಲೆ ಮೆತ್ತಿಕೊಂಡ ರಬ್ಬರ್ ಹಿಡಿತ ಹೆಚ್ಚಿಸುತ್ತದೆ, ಪಕ್ಕಕ್ಕೆ ಉದುರಿದ್ದು ಬೀಳಿಸುತ್ತದೆ. ಎರಡೂ ಒಂದೇ ಟೈರಿನದು, ವಿಚಿತ್ರ ಅಲ್ವಾ?

"ಟೈರಿನ ಗೀರು ಇನ್ನೂ ಆಳ ಇದೆಯಲ್ಲಾ ಅಣ್ಣ, ಅಷ್ಟು ಸವೆದಿಲ್ಲ" ಅಂದೆ. ಅವರು ಉಗುರಿನಿಂದ ಒತ್ತಿದರು. ಗುರುತು ಮೂಡಲೇ ಇಲ್ಲ. ಕಾದು ತಣ್ಣಗಾಗುವುದು ಮತ್ತೆ ಮತ್ತೆ ನಡೆದರೆ ರಬ್ಬರ್ ಗಟ್ಟಿಯಾಗುತ್ತಾ ಹೋಗುತ್ತದೆ. ಗೀರಿನ ಆಳ ಅಳೆದು ಹಿಡಿತ ಹೇಳಲು ಬರುವುದಿಲ್ಲ ಅಂದರು. ಈ ಒಂದು ಮಾತಿಗೇ ಟ್ರ್ಯಾಕಿನ ಫೀಸು ವಸೂಲಾಯಿತು ಅನ್ನಿಸಿತು.

ಊಟಕ್ಕೆ ಮೊಸರನ್ನ. ಗೆಳೆಯ 2013ರಲ್ಲಿ ಆಸ್ಟ್ರೇಲಿಯಾದ ಫಿಲಿಪ್ ಐಲ್ಯಾಂಡ್‌ನಲ್ಲಿ ನಡೆದ ವಿಶ್ವಮಟ್ಟದ ಬೈಕ್ ರೇಸ್ ಮೋಟೋಜಿಪಿಯ ಕತೆ ತೆಗೆದ. ಹೊಸದಾಗಿ ಡಾಂಬರು ಹಾಕಿದ ಆ ಟ್ರ್ಯಾಕ್ ಮೇಲೆ ಹಿಂದಿನ ಟೈರು ಪೂರ್ತಿ ರೇಸ್ ತಾಳುವುದಿಲ್ಲ ಎಂದು ಗೊತ್ತಾಗಿ, ರೇಸನ್ನು 19 ಸುತ್ತಿಗೆ ಇಳಿಸಿದರು. ಒಂದು ಟೈರಿನಲ್ಲಿ 10 ಸುತ್ತಿಗಿಂತ ಹೆಚ್ಚು ಓಡಿಸುವಂತಿರಲಿಲ್ಲ, ಮಧ್ಯೆ ಬೈಕ್ ಬದಲಿಸಲೇಬೇಕಿತ್ತು. ಸ್ಪೇನಿನ ರೇಸರ್ ಮಾರ್ಕ್ ಮಾರ್ಕೆಸ್ ಒಂದು ಸುತ್ತು ತಡವಾಗಿ ಒಳಗೆ ಬಂದ, ಕಪ್ಪು ಬಾವುಟ ತೋರಿಸಿ ರೇಸಿನಿಂದಲೇ ಹೊರಗೆ ಹಾಕಿದರು. "ವಿಶ್ವ ಚಾಂಪಿಯನ್ನನ್ನೂ ಟೈರು ಬಿಡಲ್ಲ ಮಗಾ, ನೀನ್ಯಾವನು" ಅಂದ.

ಕೊನೆಯ ಸೆಷನ್‌ಗೆ ಇಳಿದೆ, ಆದರೆ ಲ್ಯಾಪ್ ಟೈಮ್ ನೋಡಲಿಲ್ಲ. ಬೆಳಗಿನ ಹಿಡಿತ ಇನ್ನು ಆ ಟೈರಿಂದ ಬರುವುದಿಲ್ಲ ಎಂದು ಗೊತ್ತಾಗಿತ್ತು. ಬಿಸಿಲು ಇಳಿದ ಮೇಲೆ ಜಾರುವುದು ಕಡಿಮೆಯಾಯಿತು, ಅಷ್ಟೇ.

ಮುಂದಿನ ವಾರ ಹೊಸ ಟೈರಿಗೆ ಜೆ.ಸಿ. ರಸ್ತೆಗೆ ಹೋದೆ. ಅಂಗಡಿಯವರು ಹಳೆಯದನ್ನು ತಿರುಗಿಸಿ ನೋಡಿ, "ಇನ್ನೂ ಆರು ತಿಂಗಳು ಓಡುತ್ತೆ ಸಾರ್, ಯಾಕೆ ಬದಲಾಯಿಸ್ತೀರಾ?" ಅಂದರು. ಆಫೀಸಿಗೆ ಹೋಗಿ ಬರಲು ಅವರ ಮಾತೇ ಸರಿ. ನಾನು ಮಾತ್ರ ಮೆತ್ತನೆ ರಬ್ಬರಿನ ಸಾಫ್ಟ್ ಕಾಂಪೌಂಡ್ ಟೈರಿನ ರೇಟು ಕೇಳಿದೆ.