ಬಾಲದ ತುದಿಯಲ್ಲ, ಕವಲು

ಹವಾಯಿಯ ಒವಾಹು ದ್ವೀಪದಲ್ಲಿ ಮಕ್ಕಳಿಗೆ ಮೀನು ಹಿಡಿಯಲು ಕಲಿಸುವ ನಮ್ಮ ಶಿಬಿರದಲ್ಲಿ ಮೊದಲ ದಿನ ಬರೀ ಕಿಲೊ, ಅಂದರೆ ಕಡಲನ್ನು ಸುಮ್ಮನೆ ಗಮನಿಸುವುದು. ಬಂಡೆಯಿಂದ ಹಿಂದೆ ನಿಂತು ಅಲೆ ಎಣಿಸಬೇಕು, ನೊರೆಯ ಕೆಳಗೆ ನೆರಳು ಸರಿಯುವುದನ್ನು ನೋಡಬೇಕು. ಎರಡನೇ ದಿನ ಹುಲ್ಲಿನ ಮೇಲೆ ಬೀಸುಬಲೆ. ಎಳೆದು ಹಿಡಿದಾಗ ಬಲೆಯ ಕಣ್ಣು 2 ಇಂಚಿಗೆ ಕಡಿಮೆ ಇರಕೂಡದು. ಒಂದು ಪಾಲು ಎಡ ಮೊಣಕೈ ಮೇಲೆ, ಉಳಿದದ್ದು ಎರಡೂ ಕೈಯಲ್ಲಿ. ಸೀಸದ ಅಂಚು ಒಂದಕ್ಕೊಂದು ಹೊಸೆದುಕೊಂಡರೆ ಬಲೆ ಅರಳದೆ ಮುದ್ದೆಯಾಗಿ ಬೀಳುತ್ತದೆ.

ಮೂರನೇ ದಿನ ನೀರಿಗಿಳಿದೆವು. ಅದು ಸೆಪ್ಟೆಂಬರ್. ಜೂನ್‌ನಿಂದ ಆಗಸ್ಟ್‌ವರೆಗೆ ಮೋಯಿ ಎಂಬ ಮೀನನ್ನು ಹಿಡಿಯುವಂತಿಲ್ಲ, ಹಾಗಾಗಿ ಮಕ್ಕಳ ಕಾತರ ಹೇಳತೀರದು. ಒಬ್ಬ ಹುಡುಗನ ಬಲೆಗೆ ಮೋಯಿ ಬಿತ್ತು. ಅಳತೆ ಹಲಗೆಯ ಮೇಲಿಟ್ಟು ಮೂತಿಯಿಂದ ಬಾಲದ ತುದಿಗೆ ಓದಿದೆ: 12 ಇಂಚು. ಕನಿಷ್ಠ ಮಿತಿ 11. "ಸರಿ ಇದೆ, ಇಟ್ಟುಕೋ" ಎಂದುಬಿಟ್ಟೆ.

ಪಕ್ಕದಲ್ಲಿದ್ದ ಹುಡುಗಿ ಕೇಳಿದಳು: "ಕವಲಿನವರೆಗೆ ತಾನೇ ಅಳೆಯೋದು?"

ಹೌದು. ಮೋಯಿಯ ಬಾಲ ಆಳವಾಗಿ ಸೀಳಿರುತ್ತದೆ; ಅಳೆಯಬೇಕಾದದ್ದು ಸೀಳಿನ ನಡುವಿನ ಬಿಂದುವಿಗೆ. ಮತ್ತೆ ಇಟ್ಟು ನೋಡಿದರೆ ಹತ್ತೂಕಾಲು. ಅಷ್ಟರಲ್ಲಿ ಮೀನು ನೀರಿನಿಂದ ಹೊರಬಂದು ಎರಡು ನಿಮಿಷದ ಮೇಲಾಗಿತ್ತು. ಹಲಗೆ ಬಿಸಿಲಿಗೆ ಒಣಗಿತ್ತು, ನನ್ನ ಕೈಯೂ ಒಣಗಿತ್ತು. ಬೆರಳಿಗೆ ಲೋಳೆ ಕಿತ್ತು ಬಂದಿತ್ತು. ಆ ಲೋಳೆ ಹೋದರೆ ಚರ್ಮಕ್ಕೆ ಸೋಂಕು ತಗಲಬಹುದು. ಕಿವಿರು ಬಿರುಸಾಗಿ ಬಿಚ್ಚಿ ಮುಚ್ಚುತ್ತಿತ್ತು. ಮೊಣಕಾಲುದ್ದ ನೀರಿನಲ್ಲಿ ಅದನ್ನು ನೆಟ್ಟಗೆ ಹಿಡಿದು, ಮೂತಿಯನ್ನು ಹರಿವಿಗೆ ಎದುರಾಗಿಸಿ ನಿಂತೆ. ಹಿಂದಕ್ಕೂ ಮುಂದಕ್ಕೂ ಆಡಿಸಬಾರದು, ಕಿವಿರಿಗೆ ನೀರು ಹಿಂದಿನಿಂದ ನುಗ್ಗುತ್ತದೆ. ಎಂಟು ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಕೊನೆಗೆ ಬಾಲ ಒದೆಯಿತು, ಕೈ ಬಿಟ್ಟೆ.

ಮೋಯಿ ಮೊದಲು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುವ ಮೀನು. ಚಿಕ್ಕದನ್ನೇ ಕೊಂದರೆ ಮೊಟ್ಟೆಯಿಡುವ ಹೆಣ್ಣು ಎಲ್ಲಿಂದ ಬರಬೇಕು? ಇದನ್ನು ಮಕ್ಕಳಿಗೆ ಹಿಂದಿನ ದಿನವಷ್ಟೇ ಹೇಳಿಕೊಟ್ಟಿದ್ದವನು ನಾನೇ.

ಹಲಗೆಯ ಮೇಲೆ ಕವಲಿನ ಗುರುತು ಹಾಕಿಸಿಕೊಡಿ ಎಂದು ಕಚೇರಿಗೆ ಎರಡು ಸಲ ಬರೆದೆ. ಬರಲಿಲ್ಲ. ಈಗ ಮೀನಿನ ಬಾಲವನ್ನು ಬರೆದು ಸೀಳಿನ ಬಿಂದುವಿಗೆ ಕೆಂಪು ಬಣ್ಣ ನಾವೇ ಬಳಿದಿದ್ದೇವೆ. ಬಲೆ ಬೀಸುವ ಮುಂಚೆ ಬಕೆಟ್ಟಿನಲ್ಲಿ ಸಮುದ್ರದ ನೀರು ತುಂಬಿ, ಹಲಗೆ ಅದರೊಳಗೇ ಮುಳುಗಿರುತ್ತದೆ. ಅಳೆಯುವವರು ಮಕ್ಕಳೇ. ಓದಿದ್ದನ್ನು ಇನ್ನೊಬ್ಬರು ನೋಡಿ ಹೂಂ ಎನ್ನುವವರೆಗೆ ಮೀನು ಚೀಲಕ್ಕೆ ಹೋಗುವುದಿಲ್ಲ.