ಆ 60, ಈ 60 ಒಂದೇನಾ?

ಅಕ್ಟೋಬರ್ ಸ್ಟಾಫ್ ಮೀಟಿಂಗ್ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ವಿಜಯನಗರದ ಕಡೆ ಒಂದು ಪಿಯು ಕಾಲೇಜಿನಲ್ಲಿ ನಾನು ಫಿಸಿಕ್ಸ್ ಹೇಳಿಕೊಡುತ್ತೇನೆ. ಜೂನ್‌ನಲ್ಲಿ ಫಸ್ಟ್ ಪಿಯು ಎ ಸೆಕ್ಷನ್‌ಗೆ ಒಂದು ಪ್ರೀ-ಟೆಸ್ಟ್ ಕೊಟ್ಟೆ. ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ ಅಂತ, ಬಲ-ಚಲನೆ ನಿಜವಾಗಿ ಅರ್ಥ ಆಗಿದೆಯಾ ಅಂತ ನೋಡುವ ಟೆಸ್ಟು. 1992ರಲ್ಲಿ ಅಮೆರಿಕದಲ್ಲಿ ಬಂದದ್ದು, ಈಗಿನದರಲ್ಲಿ 30 ಪ್ರಶ್ನೆ. ಲೆಕ್ಕ ಒಂದೂ ಇಲ್ಲ. ಲಾರಿ ಕಾರಿಗೆ ಗುದ್ದಿದರೆ ಯಾರ ಬಲ ಜಾಸ್ತಿ ಎಂಬಂಥವು. ಎಸ್ಸೆಸ್ಸೆಲ್ಸಿಯಲ್ಲಿ 95 ಪರ್ಸೆಂಟ್ ತೆಗೆದವರೂ ಲಾರಿಯದ್ದೇ ಅನ್ನುತ್ತಾರೆ, ನಿಜಕ್ಕೂ ಎರಡರದ್ದೂ ಸಮ. ನ್ಯೂಟನ್ನನ ಮೂರನೇ ನಿಯಮ ಬಾಯಿಪಾಠ ಇರುತ್ತದೆ, ಲಾರಿ ಎದುರಿಗೆ ಬಂದರೆ ಮಾತ್ರ ಮರೆತುಹೋಗುತ್ತದೆ.

60 ಮಕ್ಕಳು, ಸರಾಸರಿ 10. ಆಮೇಲೆ ನಾಲ್ಕು ತಿಂಗಳು ಟ್ರಾಲಿ, ನಾಣ್ಯ, ಗುಂಪು ಚರ್ಚೆ ಅಂತ ಒದ್ದಾಡಿದೆ. ಪೋರ್ಷನ್ ಹಿಂದೆ ಬಿತ್ತು, ಬೈಸಿಕೊಂಡೆ. ಅಕ್ಟೋಬರ್‌ನಲ್ಲಿ ಅದೇ ಪೇಪರ್ ಮತ್ತೆ ಕೊಟ್ಟೆ. 60 ಮಕ್ಕಳು, ಸರಾಸರಿ 17. ಏರಿದ್ದು 7, ಏರುವುದಕ್ಕೆ ಇದ್ದ ಜಾಗ 20, ಭಾಗಿಸಿದರೆ ಗೇನ್ 0.35. ಅಮೆರಿಕದ ಫಿಸಿಕ್ಸ್ ಪ್ರೊಫೆಸರ್ ರಿಚರ್ಡ್ ಹೇಕ್ 1998ರಲ್ಲಿ 62 ಕೋರ್ಸುಗಳ, 6 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಗೇನ್ ಹೀಗೇ ಲೆಕ್ಕ ಹಾಕಿದ್ದರು. ಬರೀ ಲೆಕ್ಚರ್ ಕೇಳಿದ ಕ್ಲಾಸುಗಳ ಸರಾಸರಿ 0.23, ಮಕ್ಕಳೇ ಮಾಡಿ, ಮಾತಾಡಿ ಕಲಿತ ಕ್ಲಾಸುಗಳದ್ದು 0.48. ನಾನು ನಡುವೆ ಇದ್ದೆ. ಹಿಗ್ಗಿ ಹೀರೇಕಾಯಿ ಆದೆ.

ಮೀಟಿಂಗ್‌ನಲ್ಲಿ ಸ್ಲೈಡ್ ತೋರಿಸಿದೆ. ಸೆಕ್ರೆಟರಿ ಸಾಹೇಬರು ಖುಷಿಯಾಗಿ, "10ರಿಂದ 17 ಅಂದ್ರೆ 70 ಪರ್ಸೆಂಟ್ ಏರಿಕೆ ಅಲ್ವಾ ಮೇಡಂ?" ಅಂದರು. ಆ ಲೆಕ್ಕ ಹಾಗಲ್ಲ ಅಂತ ಹೇಳಬೇಕಿತ್ತು. ಸುಮ್ನೆ ನಕ್ಕೆ.

ಆಗ ಹಿಂದಿನ ಸಾಲಿನಿಂದ ಮ್ಯಾಥ್ಸ್ ಸರ್ ಕೇಳಿದರು. "ಮೇಡಂ, ಆ 60, ಈ 60 ಒಂದೇನಾ?"

"ಹೌದು ಸರ್, ಎ ಸೆಕ್ಷನ್ನೇ."

"ಸೆಕ್ಷನ್ ಒಂದೇ. ಮಕ್ಕಳು?"

ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಆಗಸ್ಟ್‌ನಲ್ಲಿ ಫಸ್ಟ್ ಟೆಸ್ಟ್ ಮುಗಿದ ಮೇಲೆ ಸೆಕ್ಷನ್ ರೀಷಫಲ್ ಆಗಿತ್ತು. ಕಡಿಮೆ ತೆಗೆದ 14 ಮಕ್ಕಳು ಡಿ ಸೆಕ್ಷನ್‌ಗೆ ಹೋದರು. ಬೇರೆ ಸೆಕ್ಷನ್‌ಗಳ ಟಾಪರ್‌ಗಳು 14 ಜನ ನನ್ನ ಕ್ಲಾಸಿಗೆ ಬಂದರು. ಆ ಲಿಸ್ಟಿಗೆ ಕ್ಲಾಸ್ ಟೀಚರ್ ಅಂತ ಸಹಿ ಹಾಕಿದ್ದು ನಾನೇ! ತಲೆ ಎಣಿಸಿದರೆ 60ಕ್ಕೆ 60 ಸರಿ ಇತ್ತು, ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ. ಪ್ರೊಜೆಕ್ಟರ್ ಫ್ಯಾನಿನ ಗರ್ ಅನ್ನೋ ಸದ್ದು ಅಷ್ಟು ಜೋರು ಅಂತ ಅವತ್ತೇ ಗೊತ್ತಾಗಿದ್ದು. "ನೋಡಿ ಹೇಳ್ತೀನಿ ಸರ್" ಅಂದೆ. "ಆತುರ ಏನಿಲ್ಲ ಬಿಡಿ ಮೇಡಂ" ಅಂದು ಅವರು ಕಾಫಿ ಲೋಟ ಎತ್ತಿಕೊಂಡರು. ಬೈದಿದ್ದರೇ ವಾಸಿ ಇತ್ತು.

ರಾತ್ರಿ ಎಕ್ಸೆಲ್ ತೆಗೆದು ರೋಲ್ ನಂಬರ್ ಪ್ರಕಾರ ಹೊಂದಿಸಿದೆ. ಒಬ್ಬ ಹುಡುಗ 22ರಿಂದ 6ಕ್ಕೆ ಬಿದ್ದಿದ್ದ. ಪಾಪ, ಮನೆಯಲ್ಲಿ ಏನು ತೊಂದರೆಯೋ ಅಂತ ಅರ್ಧ ಗಂಟೆ ಚಿಂತೆ ಮಾಡಿದೆ. ಆಮೇಲೆ ಹೊಳೆಯಿತು, ರೀಷಫಲ್ ಆದಾಗ ರೋಲ್ ನಂಬರೂ ಬದಲಾಗಿದ್ದವು. 22 ಒಬ್ಬಂದು, 6 ಇನ್ನೊಬ್ಬಂದು. ಕೊನೆಗೆ ಆಫೀಸಿನಿಂದ ಸ್ಯಾಟ್ಸ್ ನಂಬರ್, ಅಂದರೆ ಸೆಕ್ಷನ್ ಬದಲಾದರೂ ಬದಲಾಗದ ವಿದ್ಯಾರ್ಥಿ ಗುರುತಿನ ಸಂಖ್ಯೆಯ ಪಟ್ಟಿ ಬೇಕಾಯಿತು. ಅದಕ್ಕೆ ಎರಡು ದಿನ, ಒಂದು ಲೆಟರ್, ಪ್ರಿನ್ಸಿಪಾಲರ ಸಹಿ.

ಎರಡೂ ಸಲ ಬರೆದವರು 46 ಮಕ್ಕಳು. ಅವರ ಸರಾಸರಿ 11 ಇದ್ದದ್ದು 15.5 ಆಗಿತ್ತು. ಗೇನ್ 0.24. ನಾಲ್ಕು ತಿಂಗಳ ಟ್ರಾಲಿ, ನಾಣ್ಯ, ಪೋರ್ಷನ್ ಜಗಳ ಎಲ್ಲ ಸೇರಿ, ಲೆಕ್ಚರ್‌ಗಿಂತ 0.01 ಜಾಸ್ತಿ! ಹೇಕ್ ನೋಡಿದ ಕ್ಲಾಸಿಗೂ ನಮ್ಮ ಪಿಯು ಕ್ಲಾಸಿಗೂ ಹೋಲಿಕೆಯೇ ಸರಿಯಲ್ಲ ಅಂತ ಸಮಾಧಾನ ಮಾಡಿಕೊಂಡೆ. 0.35 ಬಂದಾಗ ಈ ಮಾತು ನೆನಪಾಗಿರಲಿಲ್ಲ.

ಹೊಸ ಲೆಕ್ಕ ತೆಗೆದುಕೊಂಡು ಪ್ರಿನ್ಸಿಪಾಲರ ಹತ್ತಿರ ಹೋದೆ. ಅಷ್ಟರಲ್ಲಿ 70 ಪರ್ಸೆಂಟ್ ಪಾಂಪ್ಲೆಟ್‌ಗೆ ಹೋಗಿಯಾಗಿತ್ತು. "ಮುಂದಿನ ಸಲ ನೋಡೋಣ ಮೇಡಂ" ಅಂದರು. ಮ್ಯಾನೇಜ್‌ಮೆಂಟಿಗೆ ಒಂದು ಸಂಖ್ಯೆ ಕೊಟ್ಟರೆ ವಾಪಸ್ ಬರುವುದಿಲ್ಲ, ಗೊತ್ತಿದ್ದೂ ಕೊಟ್ಟಿದ್ದೆ.

ಮರುದಿನ ಗೆಸ್ಟ್ ಲೆಕ್ಚರರ್ ಹತ್ತಿರ ಒಂದು ಪಿರಿಯಡ್ ಬೇಡಿಕೊಂಡು ಡಿ ಸೆಕ್ಷನ್‌ಗೆ ಹೋದೆ. ಆ 14 ಮಕ್ಕಳಿಗೆ ಅದೇ ಪೇಪರ್ ಕೊಟ್ಟೆ. ಜೂನ್‌ನಲ್ಲಿ 7ಕ್ಕೂ ಕಡಿಮೆ ಇದ್ದ ಸರಾಸರಿ 12 ಆಗಿತ್ತು. ಅವರ ಗೇನ್ ಕೂಡ 0.23. ಎ ಸೆಕ್ಷನ್ನಿನಲ್ಲಿ ಉಳಿದವರಷ್ಟೇ, ಹೆಚ್ಚುಕಡಿಮೆ, ಕಲಿತಿದ್ದರು.

ಪೇಪರ್ ಹಂಚುವಾಗ ಮುಂದಿನ ಬೆಂಚಿನ ಹುಡುಗಿ ಕೇಳಿದಳು. "ಮೇಡಂ, ಇದು ಎ ಸೆಕ್ಷನ್ನಲ್ಲಿದ್ದಾಗ ಬರೆದಿದ್ದೇ ಅಲ್ವಾ? ಚೆನ್ನಾಗಿ ಬರೆದ್ರೆ ವಾಪಸ್ ಹಾಕ್ತೀರಾ?"

"ಇಲ್ಲಮ್ಮ, ಇದು ನನ್ನ ಟೆಸ್ಟು, ನಿಂದಲ್ಲ" ಅಂದೆ.

"ಹಾಗಾದ್ರೆ ಹೆಸರು ಬರೀಬೇಕಾ?"

"ಬರಿ. ಸ್ಯಾಟ್ಸ್ ನಂಬರೂ ಬರಿ."