ಐನ್‌ಮನೆ ವಿಡಿಯೊ ಸಂಗ್ರಹ: ಎನ್‌ಕೋಡಿಂಗ್ ಮುಗಿದು ಈಗ ಬೀಗದ ಕೆಲಸ

ಐನ್‌ಮನೆಯಲ್ಲಿ, ಅಂದರೆ ಕೊಡವ ಒಕ್ಕದ (ಕುಲದ) ಮೂಲಮನೆಯಲ್ಲಿ, ತೆಗೆದ ಕೈಲ್‌ಪೋದ್‌ನ (ಆಯುಧಪೂಜೆಯ ಹಬ್ಬದ) ನಾಲ್ಕೂ ವಿಡಿಯೊಗಳು ಎಚ್‌ಎಲ್‌ಎಸ್ ರೂಪಕ್ಕೆ, ಅಂದರೆ ಸಣ್ಣ ತುಂಡುಗಳು ಮತ್ತು ಅವುಗಳ ಪಟ್ಟಿ (ಪ್ಲೇಲಿಸ್ಟ್) ಇರುವ ರೂಪಕ್ಕೆ, ಬಂದಿವೆ. ಒಕ್ಕದವರು ಎಲ್ಲಿದ್ದರೂ ನೋಡುವಂತಿರಬೇಕು, ಹೊರಗಿನವರ ಕೈಗೆ ಸಿಗಬಾರದು.

ಹೆಚ್ಚು ದಿನ ಹಿಡಿದದ್ದು ನೆಲ್ಲಕ್ಕಿ ನಡುಬಾಡೆಯ (ದೀಪವಿರುವ ನಡುಮನೆಯ) ದೃಶ್ಯ. ತೂಗುದೀಪದ ಬೆಳಕು ಬಿಟ್ಟರೆ ಸುತ್ತಲೂ ಕತ್ತಲೆ. ವಿಡಿಯೊ ಕುಗ್ಗಿಸುವ ಎನ್‌ಕೋಡರ್ ಎಕ್ಸ್264ರಲ್ಲಿ ಸಿಆರ್‌ಎಫ್ (ಗುಣಮಟ್ಟದ ಅಂಕ, ಇಳಿದಷ್ಟೂ ಚಿತ್ರ ಉತ್ತಮ) 23 ಇಟ್ಟಾಗ ದೀಪದ ಹಿಂದಿನ ಗೋಡೆಯಲ್ಲಿ ಬೆಳಕು ನಯವಾಗಿ ಕರಗದೆ ಬಳೆ ಬಳೆಯಾಗಿ ಒಡೆಯಿತು. ಕತ್ತಲ ಜಾಗಕ್ಕೆ ಎನ್‌ಕೋಡರ್ ಬಿಟ್‌ಗಳನ್ನು ಸಾಕಷ್ಟು ಕೊಟ್ಟಿರಲಿಲ್ಲ. ಕತ್ತಲ ಭಾಗಕ್ಕೆ ಹೆಚ್ಚು ಬಿಟ್ ಕೊಡುವ ಎಕ್ಯೂ-ಮೋಡ್ 3 ಹಾಕಿ ಸಿಆರ್‌ಎಫ್ 20ಕ್ಕೆ ಇಳಿಸಿದ ಮೇಲೆ ಬಹುಪಾಲು ಸರಿಹೋಯಿತು. ಅಂಗಳದ ಮಳೆಯ ತೊಂದರೆಯೇ ಬೇರೆ. ಫ್ರೇಮಿನಿಂದ ಫ್ರೇಮಿಗೆ ಹನಿಗಳ ಜಾಗ ಬದಲಾಗುವುದರಿಂದ ಹಿಂದಿನ ಚಿತ್ರದಿಂದ ಎತ್ತಿಕೊಳ್ಳಲು ಹೆಚ್ಚೇನೂ ಸಿಗದೆ ಬಿಟ್‌ರೇಟ್ (ಸೆಕೆಂಡಿಗೆ ಬೇಕಾಗುವ ಡೇಟಾ) ಜಿಗಿಯುತ್ತದೆ. ಅದಕ್ಕೆ ಮಿತಿ ಹಾಕುವ ಮ್ಯಾಕ್ಸ್‌ರೇಟ್, ಬಫ್‌ಸೈಜ್ ಎರಡನ್ನೂ ಕೊಡದಿದ್ದರೆ ತೋಟದ ನಡುವಿನ ಮೊಬೈಲ್ ನೆಟ್‌ನಲ್ಲಿ ವಿಡಿಯೊ ಅಲ್ಲೇ ಸುತ್ತುತ್ತಾ ನಿಲ್ಲುತ್ತದೆ. 720ಪಿಗೆ 2.5 ಎಂಬಿಪಿಎಸ್ ಮಿತಿ, ಅಂದರೆ ಗಂಟೆಗೆ ಹೆಚ್ಚೆಂದರೆ ಸುಮಾರು 1.1 ಜಿಬಿ. 360ಪಿಗೆ 600 ಕೆಬಿಪಿಎಸ್. ಕ್ಯಾಮೆರಾದ, ಬಣ್ಣದ ವಿವರ ಹೆಚ್ಚಿರುವ 10 ಬಿಟ್, 4:2:2 ಫೈಲು ಹಲವು ಬ್ರೌಸರ್‌ಗಳಲ್ಲಿ ಓಡದು. ಪಿಕ್ಸೆಲ್ ಫಾರ್ಮ್ಯಾಟನ್ನು ವೈಯುವಿ420ಪಿ (8 ಬಿಟ್, 4:2:0) ಎಂದು ಬಿಡಿಸಿ ಹೇಳಲೇಬೇಕು.

ತುಂಡು 6 ಸೆಕೆಂಡಿನದು. ಸೆಕೆಂಡಿಗೆ 25 ಫ್ರೇಮ್ ಇರುವುದರಿಂದ ಕೀಫ್ರೇಮ್‌ಗಳ (ಬೇರೆ ಫ್ರೇಮನ್ನು ಅವಲಂಬಿಸದ ಪೂರ್ತಿ ಚಿತ್ರಗಳ) ಅಂತರ 50 ಫ್ರೇಮ್, ಅಂದರೆ ಎರಡು ಸೆಕೆಂಡ್. ಒಂದು ತುಂಡಿಗೆ ಸರಿಯಾಗಿ ಮೂರು. ಸೀನ್‌ಕಟ್ ಮಿತಿಯನ್ನು 0 ಮಾಡದಿದ್ದರೆ ದೃಶ್ಯ ಬದಲಾದಲ್ಲೆಲ್ಲ ಎನ್‌ಕೋಡರ್ ತಾನೇ ಕೀಫ್ರೇಮ್ ಸೇರಿಸುತ್ತದೆ. ಆಗ 720ರ ತುಂಡೂ 360ರ ತುಂಡೂ ಒಂದೇ ಕ್ಷಣಕ್ಕೆ ಕತ್ತರಿಸದೆ, ಗುಣಮಟ್ಟ ಬದಲಾಗುವಾಗ ಚಿತ್ರ ತಡವರಿಸುತ್ತದೆ.

ಬೀಗಕ್ಕೆ ಎಇಎಸ್-128 ಗೂಢಲಿಪೀಕರಣ. ಕೀಲಿ ಎಂದರೆ 16 ಬೈಟ್‌ಗಳ ಕಚ್ಚಾ ಫೈಲು, ಯಾದೃಚ್ಛಿಕ ಬೈಟ್‌ಗಳನ್ನು ಕೊಡುವ ಓಪನ್‌ಎಸ್‌ಎಸ್‌ಎಲ್‌ನ ರ‍್ಯಾಂಡ್‌ನಿಂದ ಬಂದದ್ದು. ಹೆಕ್ಸ್ ಅಕ್ಷರಗಳಲ್ಲಿ ಬರೆದಿಟ್ಟರೆ 32 ಬೈಟ್, ಕೊನೆಯ ಸಾಲುಮುರಿತ ಸೇರಿ 33. ವಿಡಿಯೊ ತಯಾರಿಸುವ ತಂತ್ರಾಂಶ ಎಫ್‌ಎಫ್‌ಎಂಪೆಗ್ ಮೊದಲ 16ನ್ನು ಮಾತ್ರ ಓದಿ ಸುಮ್ಮನೆ ಕೆಲಸ ಮುಗಿಸುತ್ತದೆ, ಪ್ಲೇಯರ್‌ನಲ್ಲಿ ಮಾತ್ರ ವಿಡಿಯೊ ತೆರೆಯುವುದಿಲ್ಲ. ಮೊದಲು ಫೈಲಿನ ಗಾತ್ರ ನೋಡಿ. ಎಫ್‌ಎಫ್‌ಎಂಪೆಗ್‌ಗೆ ಕೀಲಿಯ ವಿವರ ಕೊಡುವ ಕೀ-ಇನ್ಫೊ ಫೈಲಿನಲ್ಲಿ ಮೊದಲ ಸಾಲು ಪ್ಲೇಯರ್ ಕೀಲಿ ಕೇಳುವ ವಿಳಾಸ, ಎರಡನೆಯದು ಕಂಪ್ಯೂಟರಿನಲ್ಲಿ ಕೀಲಿ ಇರುವ ಜಾಗ. ಮೊದಲ ಸಾಲಿನಲ್ಲಿ ಡಿಸ್ಕಿನ ಫೋಲ್ಡರ್ ದಾರಿ ಬರೆದರೆ ಅದೇ ಪ್ಲೇಲಿಸ್ಟಿನಲ್ಲಿ ಎಲ್ಲರಿಗೂ ಕಾಣುತ್ತದೆ. ಮೂರನೆಯ ಸಾಲು, ಅಂದರೆ ಐವಿ (ಗೂಢಲಿಪೀಕರಣದ ಆರಂಭದ ಸಂಖ್ಯೆ), ಖಾಲಿ ಬಿಟ್ಟಿದೆ. ಆಗ ತುಂಡಿನ ಕ್ರಮಸಂಖ್ಯೆಯೇ ಐವಿ.

ತುಂಡುಗಳ ಪಕ್ಕದಲ್ಲೇ ಕೀಲಿ ಇಟ್ಟರೆ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ತೂಗುಹಾಕಿದಂತೆ. ಹಾಗಾಗಿ ಕೀಲಿ ವೆಬ್ ಫೋಲ್ಡರಿನ ಹೊರಗಿದೆ, ಲಾಗಿನ್ ಕುಕಿ ನೋಡಿದ ಮೇಲೆಯೇ ಸರ್ವರ್ ಕೊಡುತ್ತದೆ, ಕ್ಯಾಶ್‌ಗೆ ನೋ-ಸ್ಟೋರ್ (ಬ್ರೌಸರ್ ಉಳಿಸಿಕೊಳ್ಳಬಾರದು). ಕೀಲಿ ಬೇರೆ ಸಬ್‌ಡೊಮೈನ್‌ನಲ್ಲಿರುವುದರಿಂದ ಸಿಒಆರ್‌ಎಸ್‌ನಲ್ಲಿ (ಯಾವ ಸೈಟು ಕೇಳಬಹುದೆಂದು ಸರ್ವರ್ ಹೇಳುವ ನಿಯಮದಲ್ಲಿ) ‘ಯಾವ ಸೈಟಾದರೂ’ ಎನ್ನುವ ನಕ್ಷತ್ರ ಚಿಹ್ನೆ ಸಾಲದು. ಕುಕಿ ಜೊತೆಗಿದ್ದರೆ ಬ್ರೌಸರ್ ಅದನ್ನು ಒಪ್ಪುವುದಿಲ್ಲ, ಸೈಟಿನ ಪೂರ್ತಿ ವಿಳಾಸವನ್ನೇ ಬರೆಯಬೇಕು. ಇದು ಡಿಆರ್‌ಎಂ (ನಕಲು ತಡೆಯುವ ವ್ಯವಸ್ಥೆ) ಅಲ್ಲ: ಲಾಗಿನ್ ಇದ್ದವರು ಮನಸ್ಸು ಮಾಡಿದರೆ ಕೀಲಿ ತೆಗೆಯಬಹುದು, ಪರದೆಯನ್ನೂ ರೆಕಾರ್ಡ್ ಮಾಡಬಹುದು. ಒಕ್ಕದೊಳಗಿನ ನಂಬಿಕೆಗೆ ಇಷ್ಟು ಸಾಕು.

ಲಾಗಿನ್ ಇಲ್ಲದ ಖಾಸಗಿ ವಿಂಡೋದಲ್ಲಿ ಕೀಲಿಯ ವಿಳಾಸ ತೆರೆದಾಗ 403 (ಪ್ರವೇಶವಿಲ್ಲ) ಬಂತು. ಮುಂದೆ ಪುತ್ತರಿ ಕೋಲಾಟದ ಫೈಲುಗಳು.